ಐದು ಜೀಪು, ಶೇಷ ನಾಲ್ಕು: 5, 6, 7ನೇ ಕ್ಲಾಸಿಗೆ ಗಣಿತದ ಮಾಡೆಲಿಂಗ್ ಹೇಗೆ ಕಲಿಸೋದು?

ಹಂಚಿನ ಶಾಲೆ ಮಿಸ್, ಮಡಿಕೇರಿ ತಾಲ್ಲೂಕು (ಜೂನ್ 14)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 5, 6, 7ನೇ ಕ್ಲಾಸಿಗೆ ಗಣಿತ ತೆಗೆದುಕೊಳ್ಳುತ್ತೇನೆ. ಮೂರೂ ಸೇರಿ 39 ಮಕ್ಕಳು. ಮಳೆ ಜೋರಾದರೆ ಮೂರು ಕ್ಲಾಸೂ ಒಂದೇ ಕೋಣೆಯಲ್ಲಿ, ಯಾಕಂದರೆ ಪಕ್ಕದ ಕೋಣೆ ಸೋರುತ್ತದೆ.

ಹೋದ ತಿಂಗಳು ಒಂದು ತರಬೇತಿಯಲ್ಲಿ ‘ಮ್ಯಾಥಮೆಟಿಕಲ್ ಮಾಡೆಲಿಂಗ್’ ಅಂತ ಒಂದು ಅವಧಿ ಇತ್ತು. ಬಂದವರು ಸ್ಲೈಡ್ ಓದಿ ಮುಗಿಸಿದರು. ಊಟ ಆದಮೇಲೆ ಎಲ್ಲರೂ ಒಂದೊಂದು ಮಾಡೆಲ್ ಮಾಡಿ ಅಂದರು. ನಮ್ಮ ಗುಂಪು ಥರ್ಮಾಕೋಲ್ ಕತ್ತರಿಸಿ ಆಯತಘನ ಮಾಡಿತು. ಪಕ್ಕದವರು ಸ್ಟ್ರಾ ಅಂಟಿಸಿ ಪಿರಮಿಡ್ ಮಾಡಿದರು. ಫೋಟೊ ತೆಗೆದು ಗ್ರೂಪಿಗೆ ಹಾಕಿದ್ದೂ ಆಯಿತು, ಚಪ್ಪಾಳೆ ಇಮೋಜಿ ಬಂದಿದ್ದೂ ಆಯಿತು. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇತ್ತು. ಮನೆಗೆ ಬಂದು ಒಂದಿಷ್ಟು ಓದಿದೆ. ಅದು ಈ ಮಾಡೆಲ್ ಅಲ್ಲವೇ ಅಲ್ಲ! ಹೊರಗಿನ ಒಂದು ಗೋಜಲು ವಿಷಯ ಹಿಡಿದು, ಯಾವುದು ಬೇಕು ಯಾವುದನ್ನು ಬಿಡಬಹುದು ಅಂತ ನಾವೇ ತೀರ್ಮಾನಿಸಿ, ಅದನ್ನು ಲೆಕ್ಕಕ್ಕೆ ಇಳಿಸೋದು. ಬಂದ ಉತ್ತರವನ್ನು ವಾಪಸ್ ಹೊರಗೆ ಒಯ್ದು ಹೊಂದುತ್ತದಾ ಅಂತ ನೋಡೋದು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ನನಗೆ ಅರ್ಥ ಆಗಿದ್ದು ಇಷ್ಟು.

ಸರಿ, ಒಂದು ಕೈ ನೋಡೋಣ ಅಂತ ಸೋಮವಾರ ಬೋರ್ಡಿನ ಮೇಲೆ ಬರೆದೆ: ‘ಮಳೆಗಾಲ ಮುಗಿದ ಮೇಲೆ ನಾವು 39 ಮಕ್ಕಳು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗಬೇಕು. ಒಂದು ಜೀಪಿಗೆ 7 ಜನ. ಎಷ್ಟು ಜೀಪು ಬೇಕು?’

ಮುಕ್ಕಾಲು ಪಾಲು ಮಕ್ಕಳು ಬರೆದ ಉತ್ತರ: 5 ಜೀಪು, ಶೇಷ 4.

ಭಾಗಾಕಾರದಲ್ಲಿ ತಪ್ಪಿಲ್ಲ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ‘ಆ ಶೇಷ ನಾಲ್ಕು ಯಾರಪ್ಪಾ?’ ಅಂತ ಕೇಳಿದೆ. ಕ್ಲಾಸು ಗಪ್‌ಚುಪ್. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, ‘ಮಿಸ್, ನೀವೆಲ್ಲಿ ಕೂತ್ಕೊಳ್ತೀರಿ?’ ಅಂದಳು. ಅಷ್ಟೇ, ಕಟ್ಟೆ ಒಡೆಯಿತು. ‘ನಮ್ಮ ಮಾವ ತೋಟದ ಜೀಪಿಗೆ 14 ಜನ ಹತ್ತಿಸ್ತಾರೆ.’ ‘ಐದನೇ ಕ್ಲಾಸಿನವರು ಸಣ್ಣಗಿದ್ದಾರೆ, ಅವರು 9 ಜನ ಕೂರಬಹುದು.’ ‘ವಾಂತಿ ಮಾಡುವವರಿಗೆ ಕಿಟಕಿ ಬೇಕು.’ ಕೊನೆಗೆ ಆರನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, ‘ಒಂದೇ ಜೀಪು ಸಾಕು ಮಿಸ್, ಆರು ಸಲ ಬರಲಿ’ ಅಂದ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಬೆಲ್ ಆಗುತ್ತಿತ್ತು. ‘ಉತ್ತರ: 6’ ಅಂತ ಬರೆದು, ಅಳಿಸಿ, ಹೊರಗೆ ಬಂದೆ. ಆ ಹುಡುಗನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಚೆಲ್ಲಾಪಿಲ್ಲಿ ಆದಾಗ ನೀವೆಲ್ಲ ಏನು ಮಾಡುತ್ತೀರಿ? ಅಂಕ ಹೇಗೆ ಕೊಡುತ್ತೀರಿ? ಇನ್ನೊಂದು ಕಷ್ಟ ಉಂಟು. ನನ್ನ ಮಕ್ಕಳಲ್ಲಿ ಅರ್ಧ ಜನ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರ ಮಕ್ಕಳು. ಮೂವರು ಅಸ್ಸಾಮಿನಿಂದ ಬಂದವರು, ಕನ್ನಡ ಈಗಷ್ಟೇ ಕಲಿಯುತ್ತಿದ್ದಾರೆ. ಉದ್ದದ ಪ್ರಶ್ನೆ ಕೊಟ್ಟರೆ ಓದುವುದರಲ್ಲೇ ಸುಸ್ತು. ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಹೈಸ್ಕೂಲ್ ಗಣಿತ, ವಿರಾಜಪೇಟೆ

ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿಗೆ ಎಂಟನೇ ಕ್ಲಾಸಿಗೆ ಬರುವ ಮಕ್ಕಳಿಗೆ ಏಳರ ಮಗ್ಗಿ ಬರಲ್ಲ. ಭಿನ್ನರಾಶಿ ಅಂದರೆ ಓಡಿಹೋಗುತ್ತಾರೆ. ಜೀಪು, ಪ್ರವಾಸ ಅಂತೆಲ್ಲ ಒಂದು ಅವಧಿ ಹೋದರೆ ಪೋರ್ಷನ್ ಯಾರು ಮುಗಿಸಬೇಕು? ಜುಲೈ ಪೂರ್ತಿ ಮಳೆ ರಜೆ, ಆಮೇಲೆ ಪ್ರತಿಭಾ ಕಾರಂಜಿ, ಆಮೇಲೆ ಕ್ರೀಡಾಕೂಟ. ಮೊದಲು ಲೆಕ್ಕ ಬರಲಿ. ಮಾಡೆಲಿಂಗ್ ಆಮೇಲೆ ನೋಡೋಣ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಮಿಸ್ಸಮ್ಮಾ, ಮೊದಲು ಒಂದು ಮಾತು. ನಿಮ್ಮ ಕ್ಲಾಸು ಹಾಳಾಗಲಿಲ್ಲ. ಆ ಹುಡುಗಿ ‘ನೀವೆಲ್ಲಿ ಕೂತ್ಕೊಳ್ತೀರಿ’ ಅಂತ ಕೇಳಿದಳಲ್ಲ, ಪಾಠ ಶುರುವಾಗಿದ್ದೇ ಆಗ. ನೀವು ಬೆಲ್ಲಿಗೆ ಹೆದರಿ ಅಲ್ಲೇ ಮುಗಿಸಿದಿರಿ.

ನಿಮ್ಮ ಶೇಷ ನಾಲ್ಕು ದೊಡ್ಡ ಮನೆತನದ್ದು ಕಣಮ್ಮಾ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ 13 ವರ್ಷದ ಮಕ್ಕಳಿಗೆ ದೇಶಮಟ್ಟದ ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ದರು. 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ಸು ಬೇಕು? ನೂರಕ್ಕೆ 70 ಮಕ್ಕಳು ಭಾಗಾಕಾರ ಸರಿ ಮಾಡಿದ್ದರು. 32 ಅಂತ ಸರಿಯಾಗಿ ಬರೆದವರು 23 ಮಾತ್ರ. 29 ಮಂದಿ ‘31, ಶೇಷ 12’ ಅಂತ ಬರೆದಿಟ್ಟರು. ವಿರಾಜಪೇಟೆ ಸರ್, ಇದು ನಿಮಗೂ ಸೇರಿ ಹೇಳುತ್ತಿದ್ದೇನೆ. ಅವರಿಗೆ ಲೆಕ್ಕ ಬರುತ್ತಿತ್ತು. ಬಸ್ಸು ಕಾಣುತ್ತಿರಲಿಲ್ಲ. ಫ್ರಾನ್ಸಿನಲ್ಲಂತೂ ಇನ್ನೂ ಮಜಾ. ‘ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು?’ ಅಂತ 97 ಸಣ್ಣ ಮಕ್ಕಳನ್ನು ಕೇಳಿದರೆ 76 ಮಕ್ಕಳು ಯಾವುದೋ ಒಂದು ಸಂಖ್ಯೆ ಕೊಟ್ಟರು. ಕುರಿಗೆ ಆಡು ಕೂಡಿಸಿದರೆ ಕಪ್ತಾನ! ಗಣಿತದ ಅವಧಿಯಲ್ಲಿ ಬುದ್ಧಿಯನ್ನು ಚಪ್ಪಲಿ ಜೊತೆ ಬಾಗಿಲ ಹೊರಗೆ ಬಿಡಬೇಕು ಅಂತ ನಾವೇ ಕಲಿಸಿರುತ್ತೇವೆ, ಅಲ್ವಾ?

ಈಗ ನಾನು ಮಾಡಿದ್ದು ಹೇಳುತ್ತೇನೆ. ನನ್ನ ಕೊನೆಯ ಶಾಲೆಯಲ್ಲಿ ಒಂದರಿಂದ ಏಳರವರೆಗೆ 62 ಮಕ್ಕಳು. ಬಿಸಿಯೂಟಕ್ಕೆ ಅಕ್ಕಿ ಎಷ್ಟು ಅಂತ ನಿಮಗೆ ಗೊತ್ತೇ ಇದೆ, ಐದನೇ ಕ್ಲಾಸಿನವರೆಗೆ ತಲೆಗೆ 100 ಗ್ರಾಂ, ಅದರ ಮೇಲಿನವರಿಗೆ 150. ನಮ್ಮಲ್ಲಿ ಸಣ್ಣವರು 40, ದೊಡ್ಡವರು 22. ಎಲ್ಲರೂ ಬಂದರೆ 7 ಕೆಜಿ 300 ಗ್ರಾಂ. ಇಷ್ಟೇ ಕೇಳಿದರೆ ಅದು ಪುಸ್ತಕದ ಲೆಕ್ಕ. ಆದರೆ ಮಳೆಗಾಲದಲ್ಲಿ ಎಲ್ಲರೂ ಎಲ್ಲಿ ಬರುತ್ತಾರೆ? ಅಡುಗೆ ಅಕ್ಕ ಅಕ್ಕಿ ಅಳೆಯುವ ಹೊತ್ತಿಗೆ ಹಾಜರಿ ಆಗಿರುತ್ತಿರಲಿಲ್ಲ. ಒಂದು ದಿನ ಅನ್ನ ಉಳಿಯುತ್ತಿತ್ತು, ಒಂದು ದಿನ ಸಾಲುತ್ತಿರಲಿಲ್ಲ. ಆರು, ಏಳನೇ ಕ್ಲಾಸಿನವರಿಗೆ ಹೇಳಿದೆ: ‘ನಾಳೆ ಎಷ್ಟು ಜನ ಬರ್ತಾರೆ ಅಂತ ಇವತ್ತೇ ಅಕ್ಕನಿಗೆ ಹೇಳಬೇಕು. ಹೇಗೆ ಹೇಳ್ತೀರಿ?’

ಮೊದಲ ವಾರ ಅವರು ಹಿಂದಿನ ಐದು ದಿನದ ಸರಾಸರಿ ತೆಗೆದರು. ಬಿಸಿಲು ಬಂದ ದಿನ ಸರಿ, ಮಳೆ ಬಂದ ದಿನ ಪೂರಾ ತಪ್ಪು. ಹಾಗಾದರೆ ಮಳೆ ಅಳೆಯೋಣ ಅಂತ ಧ್ವಜಕಂಬದ ಹತ್ತಿರ ಒಂದು ನೇರ ಗೋಡೆಯ ಡಬ್ಬಿ ಇಟ್ಟು ಸ್ಕೇಲ್ ಅಂಟಿಸಿದರು. ಜಾಸ್ತಿ ಮಳೆ, ಕಮ್ಮಿ ಮಕ್ಕಳು. ಸ್ವಲ್ಪ ಹೊಂದಿತು. ಆದರೆ ಕೆಲವು ದಿನ ಡಬ್ಬಿ ತುಂಬಾ ನೀರು, ಮಕ್ಕಳು ಮಾತ್ರ ಪೂರ್ತಿ ಹಾಜರ್. ಯಾಕೆ? ಯಾರಿಗೂ ಹೊಳೆಯಲಿಲ್ಲ. ಒಂದು ವಾರ ಬಿಟ್ಟು ಏಳನೇ ಕ್ಲಾಸಿನ ಒಬ್ಬಳು ಬಂದಳು, ನಾಲ್ಕು ದಿನ ಗೈರು. ಚಾರ್ಟ್ ನೋಡಿ ನಕ್ಕಳು. ‘ಸರ್, ಮಳೆ ಎಷ್ಟು ಬಂದ್ರೂ ನಾವು ಬರ್ತೇವೆ. ತೊರೆ ಪಾಲದ ಮೇಲೆ ಹತ್ತಿದ್ರೆ ಮಾತ್ರ ಬರಕ್ಕಾಗಲ್ಲ’ ಅಂದಳು. ಪಾಲ ಅಂದರೆ ನಮ್ಮ ಕಡೆ ಕಾಲುಸೇತುವೆ, ಎರಡು ಮರದ ದಿಮ್ಮಿ ಅಷ್ಟೆ. ತೊರೆಯ ಆಚೆಯಿಂದ ಬರುವವರು 11 ಮಕ್ಕಳು. ಮೇಲೆ ಬೆಟ್ಟದಲ್ಲಿ ಸುರಿದರೆ ಇಲ್ಲಿ ಡಬ್ಬಿ ಖಾಲಿ ಇದ್ದರೂ ತೊರೆ ಏರುತ್ತದೆ.

ಮಳೆ ದಿನ ಮಕ್ಕಳು ಯಾಕೆ ಬರಲ್ಲ ಅಂತ ನಾವು ಚರ್ಚೆ ಮಾಡಿದ್ದು ಮಳೆ ದಿನವೇ. ಉತ್ತರ ಗೊತ್ತಿದ್ದವರೆಲ್ಲ ಮನೆಯಲ್ಲಿದ್ದರು. 34 ವರ್ಷ ಪಾಠ ಮಾಡಿದವನಿಗೆ ಅದು ಹೊಳೆದಿರಲಿಲ್ಲ ನೋಡಿ.

ಆಮೇಲೆ ಡಬ್ಬಿಯ ಬದಲು ಪಾಲದ ಪಕ್ಕದ ಬಂಡೆಗೆ ಸುಣ್ಣದಲ್ಲಿ ಗೆರೆ ಹಾಕಿದೆವು. ಸಂಜೆ ಆಚೆ ಹೋಗುವಾಗ ನೀರು ಯಾವ ಗೆರೆಯಲ್ಲಿದೆ ಅಂತ ದೊಡ್ಡ ಮಕ್ಕಳು ದಡದ ಮೇಲೆ ನಿಂತು ನೋಡಿ, ಅಲ್ಲಿಂದ ಫೋನ್ ಮಾಡಿಸುತ್ತಿದ್ದರು. ಇನ್ನೊಂದು ತಮಾಷೆ ಕೇಳಿ. ಇದನ್ನೆಲ್ಲ ಅಡುಗೆ ಅಕ್ಕನಿಗೆ ವಿವರಿಸಿದರೆ ಅವರು, ‘ರಾತ್ರಿ ಹಂಚಿನ ಸದ್ದಿಗೆ ನಂಗೆ ಎಚ್ಚರ ಆದ್ರೆ ಒಂದೂವರೆ ಕೆಜಿ ಕಮ್ಮಿ ಹಾಕ್ತೇನೆ’ ಅಂದರು. ಅದೂ ಒಂದು ಮಾಡೆಲ್ಲೇ! ಮೂರು ವಾರ ಪಂದ್ಯ ಇಟ್ಟೆವು. ಮಕ್ಕಳು ಗೆದ್ದರು, ಆದರೆ ಸ್ವಲ್ಪದರಲ್ಲಿ.

ಅಂಕದ ವಿಚಾರ. ನಾನು ಉತ್ತರಕ್ಕೆ ಕಮ್ಮಿ ಅಂಕ ಇಟ್ಟೆ. ಏನೇನು ಅಂದುಕೊಂಡಿರಿ, ಏನನ್ನು ಬಿಟ್ಟಿರಿ, ಅದನ್ನು ಬರೆದದ್ದಕ್ಕೆ ಜಾಸ್ತಿ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಅಂತ ತೋರಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ನಿಮ್ಮ ಜೀಪಿಗೂ ಹೀಗೇ ಮಾಡಿ. ಬೋರ್ಡಿನ ಎಡಗಡೆ ಮಕ್ಕಳ ಊಹೆ, ಬಲಗಡೆ ಉತ್ತರ. ಮಿಸ್ ಸೇರಿ ಜೀಪಿಗೆ 7 ಅಂದರೆ 6 ಜೀಪು. 9 ಅಂದರೆ 5. ಮಾವನ ಹಾಗೆ 14 ಅಂದರೆ 3, ಆದರೆ ಬೆಟ್ಟದ ದಾರಿಯಲ್ಲಿ ಅದು ಮಾಡಬಹುದಾ ಅಂತಲೂ ಮಾತಾಡಿ. ಚೆಲ್ಲಾಪಿಲ್ಲಿ ಅಲ್ಲೇ ಸಾಲಿಗೆ ಬರುತ್ತದೆ. ಮತ್ತೆ, ಉದ್ದದ ಪ್ರಶ್ನೆ ಬರೆಯಲೇ ಬೇಡಿ. ಡಬ್ಬಿ, ತಕ್ಕಡಿ, ಹಗ್ಗ ಕೈಗೆ ಕೊಡಿ. ಅಸ್ಸಾಮಿನ ಮಕ್ಕಳಿಗೂ ಅದು ಅರ್ಥ ಆಗುತ್ತದೆ.

ಇಂಚು-ಸೆಂಟು, ಸಿದ್ದಾಪುರ ಕಡೆ

ನಾನು ಟೀಚರ್ ಅಲ್ಲ, ಕಾಫಿ ತೋಟದವನು. ಮೇಷ್ಟ್ರು ಹೇಳಿದ್ದು ಓದಿ ಬರೆಯೋಣ ಅನ್ನಿಸಿತು.

ನಾವು ಪ್ರತಿವರ್ಷ ಮಾಡೋದು ಇದೇ ಅಲ್ವಾ ಮಾರಾಯ್ರೇ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಕ್ರಾಪ್ ಎಸ್ಟಿಮೇಟ್, ಅಂದರೆ ಕೊಯ್ಲಿಗೆ ಮೊದಲೇ ಫಸಲು ಎಷ್ಟು ಬರಬಹುದು ಅಂತ ಅಂದಾಜು. ರೊಬಸ್ಟಾ ಗಿಡ ಹತ್ತಡಿಗೆ ಹತ್ತಡಿ ನೆಟ್ಟರೆ ಎಕರೆಗೆ 435 ಗಿಡ, ಇದು ಮಕ್ಕಳೇ ಲೆಕ್ಕ ಹಾಕಬಹುದು, ಎಕರೆ ಅಂದರೆ 43,560 ಚದರಡಿ. ಗಿಡಕ್ಕೆ 4 ಕೆಜಿ ಹಣ್ಣು ಅಂದುಕೊಂಡರೆ ಎಕರೆಗೆ 1740 ಕೆಜಿ. ಕಣದಲ್ಲಿ ಒಣಗಿದ ಮೇಲೆ ಅರ್ಧಕ್ಕಿಂತ ಕಮ್ಮಿಗೆ ಇಳಿಯುತ್ತದೆ. 50 ಕೆಜಿ ಚೀಲದಲ್ಲಿ ಎಷ್ಟು ಚೀಲ? ಪೇಪರಿನ ಮೇಲೆ ಚೆಂದ.

ಆದರೆ ಆ ‘4 ಕೆಜಿ’ ಎಲ್ಲಿಂದ ಬಂತು? ಎರಡು ವರ್ಷದ ಹಿಂದೆ ನಾನು ಸೆಪ್ಟೆಂಬರಿನಲ್ಲಿ ಜೀಪಿನಲ್ಲೇ ಕೂತು ತೋಟ ನೋಡಿ 200 ಚೀಲ ಅಂತ ಲೆಕ್ಕ ಹಾಕಿದೆ. ಬಂದಿದ್ದು 140. ರಸ್ತೆ ಪಕ್ಕದ ಗಿಡಕ್ಕೆ ಬಿಸಿಲು ಜಾಸ್ತಿ, ಗೊಬ್ಬರ ಹಾಕುವವರೂ ಅಲ್ಲಿಂದಲೇ ಶುರು ಮಾಡೋದು. ಒಳಗೆ ಹಳ್ಳದ ಕಡೆ ಮಳೆಗೆ ಕಾಯಿ ಉದುರಿ ಬರೀ ಎಲೆ. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಮುಖ ತಿರುಗಿಸಿ ನಕ್ಕಿದ್ದು ಈಗಲೂ ನೆನಪಿದೆ. ಈಗ ಚೀಟಿ ಎತ್ತಿ ಸಾಲು ಆರಿಸುತ್ತೇವೆ. ಯಾವ ಸಾಲು ಬರುತ್ತದೋ ಅದನ್ನೇ ನೋಡಬೇಕು, ಜಿಗಣೆ ಇದ್ದರೂ ಇಳಿಯಬೇಕು. ಮಕ್ಕಳನ್ನು ಒಂದು ತೋಟಕ್ಕೆ ಕರೆದುಕೊಂಡು ಹೋಗಿ ‘ಹತ್ತು ಗಿಡ ಆರಿಸಿ’ ಅನ್ನಿ. ಎಲ್ಲರೂ ತುಂಬಿದ ಗಿಡದ ಹತ್ತಿರವೇ ಓಡುತ್ತಾರೆ. ಅಲ್ಲಿಂದ ಮಾತು ಶುರು ಮಾಡಬಹುದು.

ಮಳೆ ಲೆಕ್ಕ ಬೇಕಾದರೆ ನನ್ನ ಹತ್ತಿರ ಅಜ್ಜನ ಕಾಲದ ಪುಸ್ತಕ ಉಂಟು, ಎಲ್ಲ ಇಂಚು, ಸೆಂಟಿನಲ್ಲಿ. 100 ಸೆಂಟು ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಯಾವತ್ತು ಬಿತ್ತು, ಅದಾಗಿ ಎಷ್ಟು ದಿನಕ್ಕೆ ಹೂ ಅರಳಿತು ಅಂತಲೂ ಅಜ್ಜ ಬರೆದಿದ್ದಾರೆ. ಹೆಚ್ಚಿನ ವರ್ಷ ಎಂಟು ಹತ್ತು ದಿನ. ಫೋಟೊ ತೆಗೆದು ಕಳಿಸುತ್ತೇನೆ ಟೀಚರೇ.

ನಾಪೋಕ್ಲು ಹುಡುಗ

ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ಅದನ್ನು ಯಾರೂ ಹೇಳಲೇ ಇಲ್ವಲ್ಲ! 2024ರಲ್ಲಿ ನಮ್ಮೂರಲ್ಲಿ ಕುಂಡ್ಯೋಳಂಡ ಕಪ್‌ಗೆ 360 ಕೊಡವ ಕುಟುಂಬಗಳ ತಂಡ ಬಂದಿತ್ತು, ಆಗ ಅದು ಗಿನ್ನೆಸ್ ದಾಖಲೆ. ಸೋತವರು ಔಟ್ ಅಂತ ಇಟ್ಟುಕೊಂಡರೆ ಒಟ್ಟು ಎಷ್ಟು ಮ್ಯಾಚ್? ನನ್ನ ಅಕ್ಕನ ಮಗಳು 180, 90, 45 ಅಂತ ಭಾಗ ಮಾಡುತ್ತಾ ಹೋಗಿ 45ರಲ್ಲಿ ಸಿಕ್ಕಿಹಾಕಿಕೊಂಡಳು. ಬೆಸ ಸಂಖ್ಯೆ ಬಂತಲ್ಲ, ಒಂದು ತಂಡಕ್ಕೆ ಬೈ ಕೊಡಬೇಕು, ಅಂದರೆ ಆಡದೇ ಮುಂದಿನ ಸುತ್ತಿಗೆ ಕಳಿಸಬೇಕು. ಪಕ್ಕದಲ್ಲಿ ಕೂತಿದ್ದ ಅವಳ ತಮ್ಮ, ಮೂರನೇ ಕ್ಲಾಸು, ‘ಕಪ್ ಒಬ್ಬರಿಗೆ, ಬಾಕಿ 359 ಜನ ಸೋಲಬೇಕು, ಒಂದು ಮ್ಯಾಚಿಗೆ ಒಬ್ಬರೇ ಸೋಲೋದು’ ಅಂದ. ಮುಗೀತು! ಆದರೆ ಒಂದು ತಿಂಗಳಿಗೆ ಹಂಚಿ ದಿನಕ್ಕೆ 12 ಮ್ಯಾಚ್ ಅಂದರೆ ತಪ್ಪು. ಕೊನೆಯ ದಿನ ಫೈನಲ್ ಒಂದೇ ಇರುತ್ತೆ, ಹಾಗಾಗಿ ಮೊದಲ ದಿನಗಳಲ್ಲಿ ಜಾಸ್ತಿ ಆಡಿಸಬೇಕು. ವೇಳಾಪಟ್ಟಿ ಮಾಡೋಕೆ ಕೊಡಿ, ಮಕ್ಕಳು ಊಟ ಬಿಟ್ಟು ಕೂರ್ತಾರೆ.

ಹಂಚಿನ ಶಾಲೆ ಮಿಸ್ (ಜುಲೈ 20)

ಎಲ್ಲರಿಗೂ ಥ್ಯಾಂಕ್ಸ್. ನಡುವೆ ಆರು ದಿನ ಮಳೆ ರಜೆ ಬಂತು, ಅದಕ್ಕೆ ಬರೆಯೋದು ತಡವಾಯಿತು.

ತೋಟದ ಸರ್ ಮಳೆ ಪುಸ್ತಕದ ಫೋಟೊ ಕಳಿಸಿದ್ದು ನೋಡಿ ನನಗೆ ನಮ್ಮ ಚಾವಣಿ ನೆನಪಾಯಿತು. ಶಾಲೆಯಲ್ಲಿ ಕೈ ತೊಳೆಯೋಕೆ ಬೇಸಿಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ಎಲ್ಲ ಅಂಗಳಕ್ಕೆ ಹರಿದು ಹೋಗುತ್ತದೆ. ‘ಒಂದು ದಿನದ ಮಳೆಗೆ ನಮ್ಮ ಹಂಚಿನ ಮೇಲೆ ಎಷ್ಟು ನೀರು ಬೀಳುತ್ತೆ?’ ಅಂತ ಕೇಳಿದೆ. ಪ್ರಶ್ನೆ ಅಷ್ಟೇ, ಬೋರ್ಡಿನ ಮೇಲೆ ಒಂದೇ ಸಾಲು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ನಿಂತರೆ ಒಂದು ಲೀಟರ್ ಅನ್ನೋದನ್ನು ಟ್ರೇ ಇಟ್ಟು ತೋರಿಸಿದ್ದೆ. ಹತ್ತಿರದ ತೋಟದಲ್ಲಿ ಆ ದಿನದ ಮಳೆ 2 ಇಂಚು 35 ಸೆಂಟು, ಅಂದರೆ ಸುಮಾರು 60 ಮಿಲಿಮೀಟರ್.

ಅಳತೆಯಲ್ಲಿ ಜಗಳ ಶುರುವಾಯಿತು. ಕಟ್ಟಡ 12 ಮೀಟರ್ ಉದ್ದ, ಸೂರಿನಿಂದ ಸೂರಿಗೆ 7 ಮೀಟರ್ ಅಗಲ. ಆದರೆ ಚಾವಣಿ ಇಳಿಜಾರು, ಹಂಚಿನ ಮೇಲೆ ಹಗ್ಗ ಹಿಡಿದರೆ ಒಂದೊಂದು ಕಡೆ 4.2 ಮೀಟರ್. ಯಾವುದನ್ನು ತಗೊಳ್ಳೋದು? ಹಂಚಿನ ಅಳತೆ ಅಂತ ನಾನೇ ಹೇಳಿಬಿಟ್ಟೆ, ಮಳೆ ಬೀಳೋದು ಹಂಚಿನ ಮೇಲಲ್ವಾ ಅಂತ. 6000 ಲೀಟರ್ ಬಂತು. ಐದನೇ ಕ್ಲಾಸಿನ ಅಸ್ಸಾಮಿನ ಹುಡುಗಿ, ಜೂನ್ ತಿಂಗಳಿಡೀ ಬಾಯಿ ಬಿಡದವಳು, ಮೂಲೆಯಿಂದ ಛತ್ರಿ ತಂದು ಬಿಚ್ಚಿ ತಲೆಯ ಮೇಲೆ ನೇರ ಹಿಡಿದಳು. ಆಮೇಲೆ ಓರೆ ಮಾಡಿದಳು. ನೆಲ ತೋರಿಸಿ, ‘ಮಿಸ್, ಒಣಗಿದ್ದು ಕಮ್ಮಿ’ ಅಂದಳು.

ನಾನು ಛತ್ರಿ ನೋಡಿದೆ, ನೆಲ ನೋಡಿದೆ. ಹೌದಲ್ಲ! ಓರೆ ಹಿಡಿದರೆ ಛತ್ರಿಯ ಬಟ್ಟೆ ಅಷ್ಟೇ ಇದ್ದರೂ ಕೆಳಗೆ ಒಣಗಿರುವ ಜಾಗ ಕಮ್ಮಿ. ಚಾವಣಿ ಎಷ್ಟೇ ಇಳಿಜಾರಿರಲಿ, ಲೆಕ್ಕಕ್ಕೆ ಬರೋದು ಅದು ನೆಲದ ಮೇಲೆ ಮುಚ್ಚುವ ಜಾಗ. 12 ಗುಣಿಸು 7, 84 ಚದರ ಮೀಟರ್, 5000 ಲೀಟರ್ ಚಿಲ್ಲರೆ. ನನ್ನ ತಪ್ಪಿನ ಬೆಲೆ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಅಂತ ಏಳನೇ ಕ್ಲಾಸಿನವರು ಈಗಲೂ ಕಾಲೆಳೆಯುತ್ತಾರೆ. (ಗಾಳಿ ಬಂದು ಮಳೆ ಓರೆಯಾದರೆ? ಅಂತ ಮತ್ತೊಬ್ಬ ಕೇಳಿದ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇವೆ ಅಂತ ಬೋರ್ಡಿನ ಎಡಗಡೆ ಬರೆದೆವು, ಮೇಷ್ಟ್ರೇ.)

ಉತ್ತರ ಸರಿಯಾ ಅಂತ ನೋಡಬೇಕಲ್ಲ. ಚಾವಣಿಯ ಒಂದು ಬದಿಯ ನೀರು ತಗಡಿನ ದೋಣಿಯಲ್ಲಿ ಹರಿದು ಒಂದು ಮೂಲೆಯಲ್ಲಿ ಬೀಳುತ್ತದೆ. ಅಲ್ಲಿ 200 ಲೀಟರಿನ ಡ್ರಮ್ ಇಟ್ಟೆವು. ಅರ್ಧ ಗಂಟೆಯಲ್ಲಿ ಡಬ್ಬಿಯಲ್ಲಿ 6 ಮಿಲಿಮೀಟರ್ ಮಳೆ. ಅರ್ಧ ಚಾವಣಿ 42 ಚದರ ಮೀಟರ್, 252 ಲೀಟರ್ ಬಂದು ಡ್ರಮ್ ಉಕ್ಕಬೇಕಿತ್ತು. ಮುಕ್ಕಾಲು ಡ್ರಮ್ಮಷ್ಟೇ ತುಂಬಿತು. ಸುಮಾರು ನೂರು ಲೀಟರ್ ಎಲ್ಲಿ ಹೋಯಿತು? ಲೆಕ್ಕ ಮೂರು ಸಲ ಮಾಡಿದರು, ತಪ್ಪಿಲ್ಲ. ಹಂಚು ಕುಡಿದಿರಬೇಕು ಅಂದ ಒಬ್ಬ. ಕೊನೆಗೆ ಜೀಪಿನ ಹುಡುಗ ನೆನೆದುಕೊಂಡು ಹೊರಗೆ ಓಡಿ ಗೋಡೆಯುದ್ದಕ್ಕೂ ನೋಡುತ್ತಾ ಹೋದ. ದೋಣಿಯ ಎರಡನೇ ಜೋಡಣೆ ಬಾಯಿ ಬಿಟ್ಟಿದೆ, ನೀರೆಲ್ಲ ಗೋಡೆಗೆ ಇಳಿಯುತ್ತಿದೆ. ಪಕ್ಕದ ಕೋಣೆ ಸೋರುತ್ತದೆ ಅಂತ ನಾವು ಮೂರು ವರ್ಷದಿಂದ ಹಂಚು ಬದಲಾಯಿಸುತ್ತಿದ್ದೆವು!

ಅಂದ ಹಾಗೆ ಅವನ ‘ಒಂದೇ ಜೀಪು, ಆರು ಸಲ’ಕ್ಕೆ ನಾನು ಸಾರಿ ಕೇಳಿ, ಪೂರ್ತಿ ಲೆಕ್ಕ ಹಾಕಿ ತಾ ಅಂದಿದ್ದೆ. ಜೀಪಿನವರನ್ನು ವಿಚಾರಿಸಿ ಬಂದ. ಬಾಡಿಗೆ ಒಂದು ಸಲಕ್ಕೆ ಇಷ್ಟು ಅಂತ, ಹಾಗಾಗಿ ದುಡ್ಡೇನೂ ಉಳಿಯಲ್ಲ, ಕೊನೆಯವರು ಹತ್ತುವ ಹೊತ್ತಿಗೆ ಮೊದಲನೆಯವರು ಬುತ್ತಿ ಖಾಲಿ ಮಾಡಿರುತ್ತಾರೆ ಅಂದ. ಈಗ ಅವನೇ ಮಿನಿ ಬಸ್ಸಿನ ರೇಟು ವಿಚಾರಿಸುತ್ತಿದ್ದಾನೆ.

ಹೈಸ್ಕೂಲ್ ಗಣಿತ, ವಿರಾಜಪೇಟೆ

ಮಿನಿ ಬಸ್ಸು ಮಾಂದಲ್‌ಪಟ್ಟಿ ಮೇಲೆ ಹತ್ತಲ್ಲ ಮೇಡಂ, ಅವನಿಗೆ ಹೇಳಿ. ಅದಿರಲಿ, ಛತ್ರಿಯದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿ ಕೇಳಿದೆ. 28 ಜನರಲ್ಲಿ 20 ಜನ ಹಂಚಿನ ಅಳತೆಯನ್ನೇ ತಗೊಂಡರು. ಆ ಡ್ರಮ್ಮಿನ ಲೆಕ್ಕದ ಹಾಳೆಯ ಫೋಟೊ ಇದ್ದರೆ ಹಾಕಿ.